ಹಗ್ಗ ಬಿಟ್ಟು ಬುಡದಲ್ಲಿ ನಿಂತ ವರ್ಷ

ಮರ ಹತ್ತುವುದು ನನ್ನ ಕೆಲಸ. ಒಣಗಿದ ಕೊಂಬೆ ತೆಗೆಯುವುದು, ಕಟ್ಟಡದ ಮೇಲೆ ಬಾಗಿದ್ದನ್ನು ಹಗ್ಗ ಕಟ್ಟಿ ಇಳಿಸುವುದು, ಗಾಳಿಗೆ ಸೀಳಬಹುದಾದ ಕವಲಿಗೆ ಆಸರೆ ಕೊಡುವುದು. 14 ವರ್ಷ ಇದನ್ನೇ ಮಾಡಿದ್ದೆ. 15ನೇ ವರ್ಷ, ಒಂದು ಬೆಳಿಗ್ಗೆ ಹತ್ತುವ ಬೆಲ್ಟಿನ ಪಟ್ಟಿ ಬಿಗಿಯುವಾಗ ಎಡ ಎದೆಯಲ್ಲಿ ಗಂಟೊಂದು ಕೈಗೆ ತಾಗಿತು. ಎರಡು ವಾರದ ಮೇಲೆ ಅದು ಕ್ಯಾನ್ಸರ್ ಅಂತ ಗೊತ್ತಾಯಿತು.

ಆಪರೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಅವು ಹೋದ ಮೇಲೆ ಆ ಕೈಯಲ್ಲಿ ನೀರು ತುಂಬಿ ಊದಿಕೊಳ್ಳಬಹುದು, ಸಣ್ಣ ಗೀರಿಗೂ ಸೋಂಕು ಆಗಬಹುದು ಅಂತ ಡಾಕ್ಟರ್ ಎಚ್ಚರಿಸಿದರು. ಗರಗಸ, ಹಗ್ಗ ಎರಡೂ ಸದ್ಯಕ್ಕೆ ಬೇಡ. ಆಮೇಲೆ ಕೀಮೋ. ಮೊದಲು 3 ವಾರಕ್ಕೊಂದರಂತೆ 4 ಸಲ, ನಂತರ ವಾರಕ್ಕೊಂದರಂತೆ 12 ಸಲ.

ಮನೆಯಲ್ಲಿ ಸುಮ್ನೆ ಮಲಗಿದರೆ ಸುಸ್ತು ಕಡಿಮೆ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಈ ಕಾಯಿಲೆಯ ಸುಸ್ತು ನಿದ್ದೆಯಿಂದ ಹೋಗುವಂಥದ್ದಲ್ಲ. ಮೈಗೆ ಆಗುವಷ್ಟು ನಡೆದಾಡಿದರೇ ಅದು ಸ್ವಲ್ಪ ಸಡಿಲವಾಗುತ್ತದೆ ಅಂತ ಡಾಕ್ಟರೇ ಹೇಳಿದರು. ಎರಡನೇ ಕೀಮೋ ಆದ ಮೇಲೆ ವಾರಕ್ಕೆ ಎರಡು ಮೂರು ದಿನ ಕೆಲಸಕ್ಕೆ ಬರುತ್ತೇನೆ ಅಂತ ಕೇಳಿಕೊಂಡೆ. ನಮ್ಮ ಮೇಲಿನವರು ಒಂದು ರಿಜಿಸ್ಟರ್ ಕೊಟ್ಟು, "ಮರಗಳನ್ನು ನೋಡಿಕೊಂಡು ಬಂದು ಬರೆಯಿರಿ, ಸಾಕು" ಅಂದರು.

ಆ "ಸಾಕು" ನನಗೆ ಚುಚ್ಚಿತು. ಕನಿಕರಕ್ಕೆ ಕೊಟ್ಟ ಕೆಲಸ ಅನ್ನಿಸಿತು. ಅಷ್ಟು ವರ್ಷ ನಾನು ನೋಡುವುದನ್ನು ಕೆಲಸ ಅಂತಲೇ ಎಣಿಸಿರಲಿಲ್ಲ. ಬುಡಕ್ಕೆ ಬಂದು ಒಂದು ಸಲ ತಲೆ ಎತ್ತಿ ನೋಡಿ ಹಗ್ಗ ಎಸೆಯುತ್ತಿದ್ದೆ.

ಡಾಕ್ಟರ್ ಕೆಲವು ನಿಯಮ ಹಾಕಿದ್ದರು. ಕೀಮೋದಿಂದ ರಕ್ತದ ಬಿಳಿ ಕಣ ಇಳಿದಿರುತ್ತವೆ. ಮಣ್ಣು, ಎಲೆಗೊಬ್ಬರ, ಕೊಳೆತ ಮರ ಇವುಗಳಲ್ಲಿ ಶಿಲೀಂಧ್ರದ ಕಣಗಳು ಇರುತ್ತವೆ. ಆಸ್ಪರ್ಜಿಲಸ್ ಅನ್ನುವುದು ಅಂಥ ಒಂದು. ಗಟ್ಟಿ ಇದ್ದವರಿಗೆ ಅದು ಲೆಕ್ಕಕ್ಕಿಲ್ಲ, ಕೀಮೋದಲ್ಲಿ ಇರುವವರ ಶ್ವಾಸಕೋಶಕ್ಕೆ ಅಪಾಯ. ನಮ್ಮ ಕೆಲಸದಲ್ಲೇ ಇದ್ದು ಇಂಥ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ಇದನ್ನು ದಯವಿಟ್ಟು ಮರೆಯಬೇಡಿ. ನಿಮ್ಮ ಕೆಲಸದಲ್ಲಿ ಏನೇನು ಮುಟ್ಟುತ್ತೀರಿ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಅವರಾಗಿಯೇ ಕೇಳುತ್ತಾರೆ ಅಂತ ಕಾಯಬೇಡಿ. ಗೊಬ್ಬರದ ರಾಶಿ, ಪುಡಿ ಮಾಡುವ ಮೆಷಿನ್ ಹತ್ತಿರ ನಾನು ಹೋಗಲೇ ಇಲ್ಲ. ಉಳಿದ ಕಡೆ ಗ್ಲೌಸು, ಮಾಸ್ಕು.

ಮೊದಲ ದಿನ 6 ಮರ ನೋಡುವಷ್ಟರಲ್ಲಿ ಕಾಲು ಸೋತವು. ಮಡಚುವ ಕುರ್ಚಿ ತಂದುಕೊಂಡೆ. ಒಂದೊಂದು ಮರದ ಎದುರು ಕೂತೆ. ಹಾಗೆ ಕೂತಾಗಲೇ ಕಾಣತೊಡಗಿತು.

ಬುಡದಲ್ಲಿ ಕಾಂಡ ಅಗಲವಾಗಿ ಬೇರಿಗೆ ಇಳಿಯಬೇಕು. ಕಂಬ ನೆಟ್ಟ ಹಾಗೆ ನೇರ ಮಣ್ಣಿಗೆ ಇಳಿದಿದ್ದರೆ ಯಾರೋ ಮಣ್ಣು ಏರಿಸಿದ್ದಾರೆ ಅಂತ ಅರ್ಥ. ಮಣ್ಣಿನಡಿ ತೊಗಟೆ ಕೊಳೆಯುತ್ತಿರಬಹುದು. ಬುಡದ ಅಣಬೆ ಸಣ್ಣದಿರಬಹುದು, ಒಳಗಿನ ಕೊಳೆತ ದೊಡ್ಡದಿರಬಹುದು. ಇಕ್ಕಟ್ಟಾದ ಕವಲಿನಲ್ಲಿ ಎರಡು ಕೊಂಬೆಗಳ ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಅಲ್ಲಿ ಮರ ಮರಕ್ಕೆ ಬೆಸೆದಿರುವುದಿಲ್ಲ, ಸುಮ್ನೆ ಒತ್ತಿಕೊಂಡಿರುತ್ತದೆ. ತುದಿಯ ರೆಂಬೆಗಳು ಒಣಗುತ್ತಾ ಬಂದರೆ ಎಷ್ಟೋ ಸಲ ತೊಂದರೆ ಇರುವುದು ಬೇರಿನಲ್ಲಿ. ಇವೆಲ್ಲ ನನಗೆ ಗೊತ್ತಿದ್ದ ವಿಷಯಗಳೇ. ಆದರೆ ಒಂದು ಮರಕ್ಕೆ ಅರ್ಧ ಗಂಟೆ ಕೊಟ್ಟು ಯಾವತ್ತೂ ನೋಡಿರಲಿಲ್ಲ.

ವಾರದ ಕೀಮೋ ಶುರುವಾದಾಗ ಔಷಧದ ಹೆಸರು ಕೇಳಿದೆ. ಪ್ಯಾಕ್ಲಿಟ್ಯಾಕ್ಸೆಲ್. ನರ್ಸ್, "ಇದು ಮರದಿಂದ ಬಂದಿದ್ದು, ಗೊತ್ತಾ?" ಅಂದರು. ಆ ರಾತ್ರಿ ಕೂತು ಓದಿದೆ. 1962ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಪೆಸಿಫಿಕ್ ಯೂ ಅನ್ನುವ ಮರದ ತೊಗಟೆಯನ್ನು ಪರೀಕ್ಷೆಗೆ ತಂದಿದ್ದರು. ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅನ್ನುವ ರಸಾಯನ ವಿಜ್ಞಾನಿಗಳು ಅದರೊಳಗಿನ ಔಷಧವನ್ನು ಬೇರ್ಪಡಿಸಿ, ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ರೋಗಿಗಳಿಗೆ ಕೊಡಲು ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಆ ಮರ ಬಹಳ ನಿಧಾನ ಬೆಳೆಯುತ್ತದೆ, ತೊಗಟೆ ತೆಳು. ಸುತ್ತಲೂ ತೊಗಟೆ ಸುಲಿದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವ ದಾರಿ ಕತ್ತರಿಸಿ ಹೋಗುತ್ತದೆ, ಮರ ಸಾಯುತ್ತದೆ. ಒಬ್ಬ ರೋಗಿಗೆ ಬೇಕಾಗುವಷ್ಟು ಔಷಧಕ್ಕೇ ಹಲವು ಮರ ಬೇಕಾಗುತ್ತಿತ್ತು. ಆಮೇಲೆ ಯೂರೋಪಿನ ಯೂ ಮರದ ಎಲೆಯಲ್ಲಿರುವ ವಸ್ತುವಿನಿಂದ ಇದೇ ಔಷಧ ಮಾಡುವ ದಾರಿ ಕಂಡುಹಿಡಿದರು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಅದನ್ನು ಓದಿದಾಗ ನನಗೆ ಎಷ್ಟು ಹಗುರ ಅನ್ನಿಸಿತೆಂದರೆ, ಪಕ್ಕದಲ್ಲಿ ಮಲಗಿದ್ದ ಮಗಳನ್ನು ಎಬ್ಬಿಸಿ ಹೇಳಿದೆ.

ಅದೇ ಔಷಧ ನನ್ನ ಬೆರಳ ತುದಿಗಳನ್ನು ಜೋಮು ಹಿಡಿಸಿತು. ನರಗಳಿಗೆ ತಾಗುವುದು ಅದರ ಗುಣ. ತೊಗಟೆ ಸವರಿದರೆ ಬಟ್ಟೆ ಮುಟ್ಟಿದ ಹಾಗೆ. ನನಗೆ ಕೂದಲು ಹೋಗಿದ್ದಕ್ಕಿಂತ ಇದು ಜಾಸ್ತಿ ನೋವು ಕೊಟ್ಟಿತು. ಗಂಟು ಬಿಗಿಯಾಗಿದೆಯಾ ಅಂತ ಬೆರಳಿಗೆ ಗೊತ್ತಾಗದಿದ್ದರೆ ಹಗ್ಗದ ಕೆಲಸ ಹೇಗೆ ಮಾಡುವುದು?

ಬೆರಳು ಬಿಟ್ಟು ಕಿವಿ ಹಿಡಿದೆ. ಮರದ ಸುತ್ತಿಗೆಯಿಂದ ಕಾಂಡವನ್ನು ಮೆಲ್ಲಗೆ ತಟ್ಟುತ್ತಾ ಸುತ್ತು ಬರುವುದು. ಒಳಗೆ ಗಟ್ಟಿ ಇದ್ದರೆ ಸದ್ದು ಗಿಡ್ಡ, ಬಿಗಿ. ಪೊಳ್ಳಾಗಿದ್ದರೆ ಡೋಲಿನ ಹಾಗೆ. ಎಲ್ಲರೂ ಮಾಡುವ ಪರೀಕ್ಷೆಯೇ, ಆದರೆ ದಿನಾ ಮಾಡಿದರೆ ಕಿವಿ ಹರಿತವಾಗುತ್ತದೆ. ಹೀಗೆ ತಟ್ಟುತ್ತಾ ಒಂದು ದಿನ ದಾರಿ ಪಕ್ಕದ ಹಳೆಯ ಮಳೆಮರದ ಹತ್ತಿರ ನಿಂತೆ. ಎದೆ ಎತ್ತರದಲ್ಲಿ ಡೋಲಿನ ಸದ್ದು. ಮೇಲೆ ನೋಡಿದರೆ ಕೊಂಬೆ ಕಡಿದ ಹಳೆಯ ಗಾಯ. ಅದನ್ನು 8 ವರ್ಷದ ಹಿಂದೆ ಕಡಿದವಳು ನಾನೇ.

ಕಾಂಡಕ್ಕೆ ತಾಗಿಸಿ, ನೀಟಾಗಿ ಕಾಣಲಿ ಅಂತ ಸಪಾಟಾಗಿ ಕಡಿದಿದ್ದೆ. ಮೇಲೆ ಕಪ್ಪು ಬಣ್ಣ ಬಳಿದಿದ್ದೆ. ಎರಡೂ ತಪ್ಪು. ಕೊಂಬೆ ಕಾಂಡ ಸೇರುವಲ್ಲಿ ಉಬ್ಬಿದ ಉಂಗುರ ಇರುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಅಲ್ಲಿ. ಅದನ್ನು ಉಳಿಸಿ, ಅದರ ಆಚೆ ಕಡಿಯಬೇಕು. ಬಣ್ಣ ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ.

ಅಲೆಕ್ಸ್ ಶೈಗೋ ಅನ್ನುವ ಅಮೆರಿಕದ ಅರಣ್ಯ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, ಕೊಳೆತ ಒಳಗೆ ಹೇಗೆ ಹರಡುತ್ತದೆ ಅಂತ 1977ರಲ್ಲಿ ಬರೆದರು. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರ ಸರಿಪಡಿಸುವುದಿಲ್ಲ, ಸುತ್ತ ತಡೆ ಕಟ್ಟಿ ಬೇರೆ ಮಾಡುತ್ತದೆ. ಮೇಲೆ ಕೆಳಗೆ ಇರುವ ತಡೆ ದುರ್ಬಲ, ಅದಕ್ಕೇ ಕೊಳೆತ ಉದ್ದಕ್ಕೆ ಇಳಿಯುತ್ತದೆ. ಗಾಯ ಆದ ಮೇಲೆ ಕಾಂಡದಲ್ಲಿ ಬೆಳೆದ ಹೊಸ ಪದರಕ್ಕೂ ಹಳೆಯದಕ್ಕೂ ನಡುವಿನ ತಡೆ ಎಲ್ಲಕ್ಕಿಂತ ಗಟ್ಟಿ. ನಾನು ಮಾಡಿದ ಗಾಯದಿಂದ ಕೊಳೆತ ನನ್ನ ಎದೆ ಎತ್ತರದವರೆಗೆ ಇಳಿದಿತ್ತು. ಅದರ ಹೊರಗೆ 8 ವರ್ಷದಲ್ಲಿ ಬೆಳೆದ ಹೊಸ ಪದರ ಸುತ್ತುವರಿದಿತ್ತು.

ಆ ದಿನ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತೆ. ತಪ್ಪಿಗೋ, ನನ್ನ ಎದೆಯ ಗಾಯಕ್ಕೋ, ಹೇಳಲಾರೆ. ಅದು ವಾಸಿಯಾಗಲಿ ಅಂತ ನಾನು ಕಾಯುತ್ತಿದ್ದೆ. ಮೊದಲಿನ ಹಾಗೆ ಆಗಬೇಕು ಅಂತ ದಿನಾ ಕನ್ನಡಿ ಮುಂದೆ ನಿಂತು ನೋಡುತ್ತಿದ್ದೆ. ಅವತ್ತಿನಿಂದ ಹಾಗೆ ನೋಡುವುದು ಕಡಿಮೆ ಆಯಿತು.

ಆಫೀಸಿನಲ್ಲಿ ಮರ ಕಡಿದುಬಿಡೋಣ ಅಂದರು. ನಾನು ಒಪ್ಪಲಿಲ್ಲ. ಪೊಳ್ಳು ಅಂದ ತಕ್ಷಣ ಬೀಳುತ್ತದೆ ಅಂತಲ್ಲ, ಕೊಳವೆಯೂ ಪೊಳ್ಳೇ ಅಲ್ವಾ? ಸುತ್ತ ಗಟ್ಟಿ ಮರ ಎಷ್ಟು ದಪ್ಪ ಇದೆ ಅನ್ನುವುದು ಮುಖ್ಯ. ತೆಳು ಸೂಜಿಯ ಡ್ರಿಲ್ ತರಿಸಿ ಅಳೆದೆವು. ಕಾಂಡದ ಅರ್ಧವ್ಯಾಸದ ಮೂರನೇ ಒಂದರಷ್ಟು ಗಟ್ಟಿ ಇರಬೇಕು ಅನ್ನುವುದು ನಮ್ಮಲ್ಲಿ ಬಳಸುವ ಅಂದಾಜು. ಅದಕ್ಕಿಂತ ಚೆನ್ನಾಗಿಯೇ ಇತ್ತು. ದಾರಿ ಕಡೆಯ ಕೊಂಬೆಗಳ ತುದಿ ಭಾರ ಇಳಿಸುವುದು, 6 ತಿಂಗಳಿಗೊಮ್ಮೆ ನೋಡುವುದು ಅಂತ ರಿಜಿಸ್ಟರಿನಲ್ಲಿ ಬರೆದೆ. ಅದೇ ವಾರ ಡಾಕ್ಟರ್ ನನ್ನ ಫೈಲಿನಲ್ಲಿ 3 ತಿಂಗಳಿಗೊಮ್ಮೆ ಅಂತ ಬರೆದಿದ್ದರು.

ಕೊಂಬೆ ಇಳಿಸಲು ಹತ್ತಿದ್ದು ನಮ್ಮ ತಂಡದ ಹುಡುಗ. ಮೂರು ವರ್ಷದಿಂದ ನನ್ನ ಹಗ್ಗ ಹಿಡಿಯುತ್ತಿದ್ದವನು. ಅವನ ಹಗ್ಗದ ಗಂಟನ್ನು ನಾನು ಕಣ್ಣಲ್ಲೇ ಎರಡು ಸಲ ನೋಡಿದೆ. ಮೇಲೆ ಅವನಿಗೆ ಒಂದೊಂದು ಕೊಂಬೆ ಮಾತ್ರ ಕಾಣುತ್ತಿತ್ತು, ನನಗೆ ಇಡೀ ಮರ. ಸಂಜೆ ಮೋಡ ಕವಿದು ಮಳೆಮರ ಎಲೆ ಮಡಚತೊಡಗಿತ್ತು, ಕೊಂಬೆಗಳ ನಡುವೆ ಆಕಾಶ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

"ಇನ್ನೊಂದು ತೆಗೀಲಾ ಅಕ್ಕ?" ಅಂತ ಕೂಗಿದ.

ಮೊದಲಾಗಿದ್ದರೆ ಇನ್ನೂ ಎರಡು ತೆಗೆಸುತ್ತಿದ್ದೆ.

"ಬೇಡ, ಅಷ್ಟೇ ಸಾಕು. ನಿಧಾನ ಇಳಿ" ಅಂದೆ.