19 ಎಂದ ಮಕ್ಕಳ ಲೆಕ್ಕ

ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಪ್ರಗತಿ ಸಮೀಕ್ಷೆಯಲ್ಲಿ 1978ರಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದ್ದರು: 12/13 ಮತ್ತು 7/8ನ್ನು ಕೂಡಿದರೆ ಬರುವ ಮೊತ್ತ 1, 2, 19, 21 ಇವುಗಳಲ್ಲಿ ಯಾವುದಕ್ಕೆ ಹತ್ತಿರ? ಎರಡು ಭಿನ್ನರಾಶಿಗಳೂ ಒಂದಕ್ಕಿಂತ ತುಸುವೇ ಕಡಿಮೆ ಎಂಬುದನ್ನು ಗಮನಿಸಿದವರಿಗೆ ಕಾಗದ, ಪೆನ್ಸಿಲು ಬೇಕಾಗುವುದಿಲ್ಲ. ಆದರೂ 2 ಎಂದವರು ಶೇ. 24 ಮಾತ್ರ, ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದರು. ಅಂಶಗಳನ್ನು ಕೂಡಿದರೆ 19, ಛೇದಗಳನ್ನು ಕೂಡಿದರೆ 21. ಕೂಡುವುದು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಕೂಡುತ್ತಿರುವುದು ಏನನ್ನು ಎಂಬುದು ಗೊತ್ತಿರಲಿಲ್ಲ.

ಈ ಸಮೀಕ್ಷೆ ಮಾದರಿಯಾಗಿ ಆಯ್ದ ಮಕ್ಕಳಿಗಷ್ಟೇ ನಡೆಯುತ್ತದೆ. ಯಾವ ಮಗುವಿಗೂ ಪ್ರತ್ಯೇಕ ಅಂಕ ಸಿಗದ ಕಾರಣ, ಅದಕ್ಕೆಂದು ಮಕ್ಕಳನ್ನು ತಯಾರು ಮಾಡುವ ಗೊಡವೆ ಶಿಕ್ಷಕರಿಗಿಲ್ಲ. ಆದರೆ 2002ರ ಕಾನೂನು ಸರ್ಕಾರಿ ಶಾಲೆಗಳ 3ರಿಂದ 8ನೇ ತರಗತಿಯವರೆಗಿನ ಮಕ್ಕಳಿಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪ್ರಮಾಣೀಕೃತ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, ಅದರ ಫಲಿತಾಂಶಕ್ಕೆ ಶಾಲೆಯ ಮೇಲಿನ ಕ್ರಮಗಳನ್ನು ತಳುಕು ಹಾಕಿತು. 2015ರಲ್ಲಿ ಅದರ ಜಾಗಕ್ಕೆ ಬಂದ ಕಾನೂನು ಆ ಕ್ರಮಗಳನ್ನು ಬಹುಪಾಲು ರಾಜ್ಯಗಳಿಗೆ ಬಿಟ್ಟಿತಾದರೂ ಪ್ರತಿ ವರ್ಷದ ಪರೀಕ್ಷೆಯನ್ನು ಹಾಗೆಯೇ ಉಳಿಸಿಕೊಂಡಿತು.

ಪರೀಕ್ಷೆಯ ಪರವಾದ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಬಡ ಮಕ್ಕಳ, ಕಪ್ಪುವರ್ಣೀಯ ಮಕ್ಕಳ ಫಲಿತಾಂಶವನ್ನು ಶಾಲೆಯ ಸರಾಸರಿಯಲ್ಲಿ ಮುಚ್ಚಿಡದೆ ಬೇರೆಯಾಗಿ ತೋರಿಸಲೇಬೇಕು ಎಂದದ್ದೂ ಆ 2002ರ ಕಾನೂನೇ. ಆದರೆ ಅಷ್ಟಕ್ಕೆ ವರ್ಷವರ್ಷವೂ ಪರೀಕ್ಷೆ ಬೇಕಿಲ್ಲ. 1994ರ ಕಾನೂನಿನಲ್ಲಿದ್ದಂತೆ ಶಾಲಾವಧಿಯಲ್ಲಿ ಮೂರು ಬಾರಿ ನಡೆಸಿದರೆ ಸಾಕು ಎಂದು ನನಗನ್ನಿಸುತ್ತದೆ.

ಅಂಕಗಳು ಎಷ್ಟನ್ನು ಮುಚ್ಚಿಡಬಲ್ಲವು ಎಂಬುದಕ್ಕೆ ಸ್ಟಾನ್ಲಿ ಎರ್ಲ್‌ವಾಂಗರ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. ಅದರಲ್ಲಿ ಬೆನ್ನಿ ಎಂದು ಕರೆಯಲಾದ ಆರನೇ ತರಗತಿಯ ಹುಡುಗ ಘಟಕ ಪರೀಕ್ಷೆಗಳನ್ನು ಒಂದೊಂದಾಗಿ ದಾಟುತ್ತ ಗಣಿತದಲ್ಲಿ ಮುಂದಿದ್ದಾನೆಂದೇ ಹೆಸರಾಗಿದ್ದ. ಎದುರು ಕೂತು ಮಾತಾಡಿಸಿದಾಗ, 2/10ನ್ನು ದಶಮಾಂಶದಲ್ಲಿ ಬರೆದರೆ 1.2 ಆಗುತ್ತದೆ ಎಂದ: ಎರಡಕ್ಕೆ ಹತ್ತು ಸೇರಿಸಿ, ನಡುವೆ ಚುಕ್ಕಿ ಇಟ್ಟಿದ್ದ. (ನಗುವ ಹಕ್ಕು ನನಗಿಲ್ಲ, ಭಿನ್ನರಾಶಿಯ ಭಾಗಾಕಾರದಲ್ಲಿ ‘ತಿರುಗಿಸಿ ಗುಣಿಸು’ ಎಂಬುದೇಕೆಂದು ತಿಳಿಯದೆ ಪೂರ್ತಿ ಅಂಕ ಪಡೆದವನು ನಾನು.) ಯಾವ ಉತ್ತರಪತ್ರಿಕೆಯೂ ಹೇಳದ್ದನ್ನು ‘ಇದು ಹೇಗೆ ಬಂತು, ಹೇಳು’ ಎಂಬ ಪ್ರಶ್ನೆ ಹೊರಗೆಡವಿತು. ಗಣಿತದ ಬೋಧನೆ ಸುಧಾರಿಸಬೇಕಾದರೆ ಶಿಕ್ಷಕರಿಗೆ ಹೀಗೆ ಕೇಳಿ, ಮಗು ತಡವರಿಸಿ ಹೇಳಿ ಮುಗಿಸುವವರೆಗೆ ಕಾಯುವಷ್ಟು ಬಿಡುವು ಸಿಗಬೇಕು. ಪರೀಕ್ಷೆಯೊಳಗೆ ಪಾಠ ಮುಗಿಸುವ ಧಾವಂತದಲ್ಲಿ ಮೊದಲು ಕೈಬಿಡುವುದು ಅದನ್ನೇ.