ಕನೆಕ್ಟಿಂಗ್ ರಾಡಿನ ಒಟ್ಟು ತೂಕ ಸಮ ಇದ್ದರೆ ಸಾಲದು

ಇಂಜಿನ್ ಬಿಚ್ಚಿದಾಗ, ಪಿಸ್ಟನ್ನನ್ನು ಕ್ರ್ಯಾಂಕಿಗೆ (ಇಂಜಿನ್ನಿನ ತಿರುಗುವ ದಂಡಕ್ಕೆ) ಜೋಡಿಸುವ ನಾಲ್ಕೂ ರಾಡ್ ತೂಗಿ, ಎಲ್ಲವೂ 560 ಗ್ರಾಂ ಬಂತು ಅಂತ ಹಾಗೇ ಕೂರಿಸುವವರು ಬಹಳ ಜನ. ಒಂದು ರಾಡಿನಲ್ಲಿ ಬಿಗ್ ಎಂಡ್ (ಕ್ರ್ಯಾಂಕ್ ಕಡೆಯ ದೊಡ್ಡ ತುದಿ) 400, ಸ್ಮಾಲ್ ಎಂಡ್ (ಪಿಸ್ಟನ್ ಕಡೆಯ ಚಿಕ್ಕ ತುದಿ) 160 ಇರಬಹುದು. ಪಕ್ಕದ್ದರಲ್ಲಿ 394 ಮತ್ತು 166. ಒಟ್ಟು ಒಂದೇ, ಆದರೂ ತಪ್ಪು. ಬಿಗ್ ಎಂಡ್ ಕ್ರ್ಯಾಂಕ್ ಜೊತೆ ಸುತ್ತುತ್ತದೆ, ಸ್ಮಾಲ್ ಎಂಡ್ ಪಿಸ್ಟನ್ ಜೊತೆ ಮೇಲೆ ಕೆಳಗೆ ಓಡುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. 75 ಮಿಮೀ ಸ್ಟ್ರೋಕಿನ (ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ) ಇಂಜಿನ್ 5000 ಆರ್‌ಪಿಎಂನಲ್ಲಿ ಓಡುವಾಗ ಬಿಗ್ ಎಂಡಿನ 5 ಗ್ರಾಂ ಹೆಚ್ಚುವರಿ ತೂಕ ಸುಮಾರು 5 ಕೆಜಿ ಭಾರದಷ್ಟು ಎಳೆಯುತ್ತದೆ. ಆಗುಂಬೆ ಘಾಟಿಯನ್ನು ಎರಡನೇ ಗೇರಿನಲ್ಲಿ ಎಳೆಸಿ ಹತ್ತಿಸುವಾಗ ಸೀಟಿಗೂ ಸ್ಟೀರಿಂಗಿಗೂ ಬರುವ ನಡುಕಕ್ಕೆ ಇದೂ ಕಾರಣವಾಗಬಹುದು.

ತಕ್ಕಡಿ ಕೊನೆಗೆ ಬರಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ರಸ್ತೆ ಮೇಲಿನ ನೀರಿಗೆ ಇಳಿಸಿದ ಗಾಡಿ ಇಂಜಿನ್ನಿಗೆ ನೀರು ಎಳೆದುಕೊಂಡರೆ ರಾಡ್ ಬಾಗಬಹುದು. ಅದಕ್ಕೇ ಮೊದಲು ಬಾಗು, ತಿರುಚು ನೋಡಿ. ಬಾಗಿದ್ದನ್ನು ಬಡಿದು ನೇರ ಮಾಡಬೇಡಿ, ಬದಲಾಯಿಸಿ. ಬಿಗ್ ಎಂಡ್ ದುಂಡಗಿದೆಯೇ ಅಳೆದು, ಸ್ಮಾಲ್ ಎಂಡ್ ಬುಷ್ (ಒಳಗಿನ ಲೋಹದ ಬಳೆ) ಹಾಕಿಸಿ ಹೋನ್ ಮಾಡಿಸಿದ (ಒಳಮೈ ಅಳತೆಗೆ ಉಜ್ಜಿಸಿದ) ಮೇಲೆಯೇ ತೂಗುವುದು. ಬುಷ್ ಬದಲಾದರೆ ತೂಕವೂ ಬದಲಾಗುತ್ತದೆ.

ಬಿಗ್ ಎಂಡ್ ತೂಗುವಾಗ ಅದನ್ನು ತಕ್ಕಡಿ ಮೇಲಿಟ್ಟು, ಸ್ಮಾಲ್ ಎಂಡನ್ನು ಸ್ಟ್ಯಾಂಡಿನ ಬಾಲ್ ಬೇರಿಂಗ್ ಮೇಲೆ ಕೂರಿಸಿ. ಅದು ಸಲೀಸಾಗಿ ತಿರುಗಬೇಕು, ರಾಡ್ ಮಟ್ಟಸವಾಗಿರಬೇಕು. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು, ಫ್ಯಾನ್ ಆಫ್ ಇರಲಿ. ಕ್ಯಾಪ್ (ಬಿಗ್ ಎಂಡಿನ ಬಿಚ್ಚಿ ತೆಗೆಯುವ ಭಾಗ), ಬೋಲ್ಟ್ ಸೇರಿಸಿಯೇ ತೂಗಿ. ಎರಡೂ ತುದಿಯ ತೂಕ ಕೂಡಿಸಿದರೆ ಒಟ್ಟು ತೂಕ ಬರಬೇಕು. ಅರ್ಧ ಗ್ರಾಂ ಮೀರಿ ವ್ಯತ್ಯಾಸ ಬಂದರೆ ಸ್ಟ್ಯಾಂಡನ್ನೇ ಸರಿಪಡಿಸಿ.

ಅತಿ ಹಗುರ ಬಿಗ್ ಎಂಡಿಗೆ ಉಳಿದ ಬಿಗ್ ಎಂಡುಗಳನ್ನೂ, ಅತಿ ಹಗುರ ಸ್ಮಾಲ್ ಎಂಡಿಗೆ ಉಳಿದ ಸ್ಮಾಲ್ ಎಂಡುಗಳನ್ನೂ ಹೊಂದಿಸಬೇಕು. ಕ್ಯಾಪಿನ ತಳದ ದಪ್ಪ ಭಾಗ, ಸ್ಮಾಲ್ ಎಂಡಿನ ನೆತ್ತಿಯ ದಪ್ಪ ಭಾಗ, ಇಷ್ಟರಲ್ಲೇ ಉಜ್ಜಿ. ಬೋಲ್ಟ್ ಕೂರುವ ಜಾಗ ಮುಟ್ಟಲೇಬೇಡಿ. ರಾಡಿನ ನಡುಭಾಗದಲ್ಲಿ ಅಡ್ಡಕ್ಕೆ ಬಿದ್ದ ಗ್ರೈಂಡರ್ ಗೀರು ಮುಂದೆ ಬಿರುಕಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಯಾಪಿನ ತಳ ಬಿಗ್ ಎಂಡ್ ಸೆಂಟರಿನಿಂದ ಆಚೆ ಇರುತ್ತದೆ. ಎರಡು ಸೆಂಟರ್ ನಡುವೆ 130 ಮಿಮೀ, ಉಜ್ಜುವ ಜಾಗ 40 ಮಿಮೀ ಆಚೆ ಇದ್ದರೆ, 1 ಗ್ರಾಂ ತೆಗೆದಾಗ ಬಿಗ್ ಎಂಡ್ 1.3 ಗ್ರಾಂ ಇಳಿಯುತ್ತದೆ, ಸ್ಮಾಲ್ ಎಂಡ್ 0.3 ಗ್ರಾಂ ಏರುತ್ತದೆ. ಹಾಗಾಗಿ ಸ್ವಲ್ಪ ಉಜ್ಜಿ, ಎರಡೂ ತುದಿ ಮತ್ತೆ ತೂಗಿ. ರಸ್ತೆಯ ಕಾರಿಗೆ ಪ್ರತಿ ತುದಿ 1 ಗ್ರಾಂ ಒಳಗೆ ಬಂದರೆ ಸಾಕು.

ಕ್ಯಾಪ್ ಅದಲುಬದಲಾಗದಂತೆ ಬಿಚ್ಚುವಾಗಲೇ ಪೇಂಟ್ ಮಾರ್ಕರಿನಲ್ಲಿ ನಂಬರ್ ಹಾಕಿ. ಕಾರ್ಖಾನೆಯಲ್ಲೇ ರಾಡಿನಿಂದ ಮುರಿದು ಬೇರ್ಪಡಿಸಿದ (ಫ್ರ್ಯಾಕ್ಚರ್ ಸ್ಪ್ಲಿಟ್) ಕ್ಯಾಪ್ ಬೇರೆ ರಾಡಿಗೆ ಕೂರುವುದೇ ಇಲ್ಲ. ತೂಕ ಮುಗಿದ ರಾಡುಗಳನ್ನು ತೊಳೆದು ಎಣ್ಣೆ ಸವರಿಡಿ, ಜುಲೈ ತಿಂಗಳ ಥಂಡಿಯಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು ಕಾಣುತ್ತದೆ. ಪಿಸ್ಟನ್ ಮತ್ತು ಪಿನ್ ಪ್ರತ್ಯೇಕ ತೂಗಿ ಹೊಂದಿಸಿ. ವಿ6 (ವಿ ಆಕಾರದಲ್ಲಿ ಆರು ಸಿಲಿಂಡರ್ ಇರುವ) ಇಂಜಿನ್ನಾದರೆ ಈ ತೂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಕ್ರ್ಯಾಂಕನ್ನೂ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕಾಗುತ್ತದೆ.