ಹಳೇ ಗಿಡವನ್ನು ಜಾಗ ಬದಲಿಸುವ ಮುಂಚೆ

ಎಷ್ಟೋ ವರ್ಷದ ದಾಸವಾಳವನ್ನು ಇಲ್ಲಿಂದ ಎತ್ತಿ ಅಲ್ಲಿ ನೆಡಬೇಕು ಅಂದ ಕೂಡಲೇ ಎಲ್ಲರೂ ಗುದ್ದಲಿ ಹುಡುಕುತ್ತಾರೆ. ನನ್ನ ಕೇಳಿದರೆ ಅಗೆಯುವುದೇ ಇದರಲ್ಲಿ ಚಿಕ್ಕ ಕೆಲಸ. ಗಿಡ ಬದುಕುತ್ತದೋ ಇಲ್ಲವೋ ಅನ್ನುವುದು ಬಹುಮಟ್ಟಿಗೆ ಅದಕ್ಕೆ ತಿಂಗಳುಗಳ ಮೊದಲೇ ತೀರ್ಮಾನವಾಗಿರುತ್ತದೆ.

ಬುಡದ ಹತ್ತಿರದ ದಪ್ಪ ಬೇರುಗಳು ಗಿಡವನ್ನು ಹಿಡಿದು ನಿಲ್ಲಿಸುತ್ತವೆ, ಆದರೆ ನೀರು ಹೀರುವುದು ತುದಿಯ ಸಣ್ಣ ಬೇರುಗಳು. ಹಳೇ ಗಿಡದಲ್ಲಿ ಇವು ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತವೆ. ಹೆಚ್ಚಿನವು ಮೇಲಿನ 30–45 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ. ಬುಡದ ಸುತ್ತ ಸುಮ್ನೆ ಅಗೆದು ಎತ್ತಿದರೆ ಅವೆಲ್ಲ ಹಳೇ ಜಾಗದಲ್ಲೇ ಉಳಿಯುತ್ತವೆ.

ಅದಕ್ಕೇ ಕೆಲವು ತಿಂಗಳು ಮೊದಲು ಚೂಪಾದ ಸಲಿಕೆಯನ್ನು ನೇರವಾಗಿ ಇಳಿಸುತ್ತಾ ಗಿಡದ ಸುತ್ತ ಬೇರು ಕತ್ತರಿಸಿ, ಗಿಡವನ್ನು ಅಲ್ಲೇ ಬಿಡಬೇಕು. ಕತ್ತರಿಸಿದ ಕಡೆ ಹೊಸ ಸಣ್ಣ ಬೇರು ಒಡೆಯುತ್ತವೆ, ಅಂದರೆ ನೀರು ಹೀರುವ ಬೇರು ಬುಡದ ಹತ್ತಿರಕ್ಕೆ ಬಂದ ಹಾಗೆ. ಒಂದೇ ಸಲ ಸುತ್ತ ಕಡಿಯುವ ಬದಲು ಅರ್ಧ ಈಗ, ಇನ್ನರ್ಧ ಕೆಲವು ವಾರ ಬಿಟ್ಟು ಮಾಡಿದರೆ ಗಿಡ ಅಷ್ಟು ಬಾಡುವುದಿಲ್ಲ. ಕೊನೆಗೆ ಎತ್ತುವಾಗ ಆ ಗೆರೆಗಿಂತ ಸ್ವಲ್ಪ ಹೊರಗೇ ಅಗೆಯಿರಿ, ಇಲ್ಲದಿದ್ದರೆ ಇಷ್ಟು ದಿನ ಬೆಳೆಸಿದ ಬೇರೂ ಹೋಯಿತು.

ಎತ್ತುವುದಕ್ಕೆ ತಂಪಿನ ದಿನ ನೋಡಿಕೊಳ್ಳಿ, ಹಿಂದಿನ ದಿನ ಚೆನ್ನಾಗಿ ನೀರು ಹಾಕಿ. ಒಬ್ಬರೇ ಹೋಗಬೇಡಿ. 60 ಸೆಂ.ಮೀ. ಅಗಲ, 40 ಸೆಂ.ಮೀ. ಆಳದ ಒದ್ದೆ ಮಣ್ಣಿನ ಉಂಡೆ ಸುಲಭವಾಗಿ ನೂರು ಕೆಜಿ ದಾಟುತ್ತದೆ! ಕಾಂಡ ಹಿಡಿದು ಎಳೆದರೆ ಉಂಡೆ ಒಡೆಯುತ್ತದೆ. ಕೆಳಗೆ ಗೋಣಿಯನ್ನೋ ಟಾರ್ಪಾಲನ್ನೋ ತೂರಿಸಿ ಅದನ್ನೇ ಎಳೆಯಬೇಕು. ಹೊಸ ಗುಂಡಿ ಮೊದಲೇ ರೆಡಿ ಇರಲಿ: ಅಗಲ ಉಂಡೆಯ ಎರಡರಷ್ಟು, ಆಳ ಮಾತ್ರ ಉಂಡೆಯಷ್ಟೇ. ಜಾಸ್ತಿ ಆಳ ಮಾಡಿದರೆ ಗಿಡ ಕುಸಿದು ಬುಡ ಮಣ್ಣಲ್ಲಿ ಹೂತು ಕೊಳೆಯಬಹುದು.

ಇನ್ನು ಬೇರು ಹೋಯಿತಲ್ಲ, ಮೇಲೂ ಮೂರನೇ ಒಂದು ಭಾಗ ಸವರಿಬಿಡಿ ಅನ್ನುವ ಸಲಹೆ. ನಾನು ಇದನ್ನು ಒಪ್ಪುವುದಿಲ್ಲ. ಹೊಸ ಬೇರಿಗೆ ಆಹಾರ ಕೊಡುವುದು ಎಲೆ, ಬೇರು ಹೊರಡಿಸುವ ಹಾರ್ಮೋನು ಬರುವುದು ಚಿಗುರಿನ ತುದಿಯಿಂದ, ಎರಡನ್ನೂ ಕತ್ತರಿಸಿ ಹಾಕಿ ಬೇರು ಬಾ ಅಂದರೆ ಬರುತ್ತದಾ? ಮುರಿದದ್ದು, ಒಣಗಿದ್ದು ತೆಗೆದರೆ ಸಾಕು. ಬಿಸಿಲು ಜೋರಿದ್ದರೆ ನೆರಳಿನ ಬಟ್ಟೆ ಕಟ್ಟಿ. ಗೊಬ್ಬರಕ್ಕೂ ಆತುರ ಬೇಡ.

ನೀರಿನಲ್ಲಿ ಒಂದು ಸೂಕ್ಷ್ಮ ಇದೆ. ಸುತ್ತಲ ಹೊಸ ಮಣ್ಣು ಒದ್ದೆ ಇದ್ದರೂ ಉಂಡೆ ಒಳಗೆ ಒಣಗಿರಬಹುದು, ಬೇರು ಇನ್ನೂ ಇರುವುದು ಅಲ್ಲೇ ಅಲ್ವಾ. ಆದ್ದರಿಂದ ಬುಡದ ಹತ್ತಿರವೇ ನಿಧಾನಕ್ಕೆ ಹಾಕಿ, ಬೆರಳು ಇಳಿಸಿ ನೋಡಿ ಹಾಕಿ. ಬಾಡಿತು ಅಂತ ದಿನಾ ಸುರಿದರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ, ಕೊಳೆತ ಗಿಡವೂ ಬಾಡಿದಂತೆಯೇ ಕಾಣುತ್ತದೆ. ಎಲೆಯೆಲ್ಲ ಉದುರಿದರೂ ತೊಗಟೆ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಕಾಗದದ ಹೂವಿನ ಗಿಡದ ಬೇರು ಮಾತ್ರ ಬಹಳ ನಾಜೂಕು, ಮುಟ್ಟಿದರೆ ಮುರಿಯುತ್ತದೆ. ಅದನ್ನು ಎತ್ತುವ ಮೊದಲು ನಾಲ್ಕು ಕಡ್ಡಿ ಕತ್ತರಿಸಿ ಕುಂಡದಲ್ಲಿ ಊರಿಡಿ.